ಬಳ್ಳಿ ಬೇರು ಕಚ್ಚುವ ತನಕ: ಮೊಣಕಾಲಿನ ಬ್ರೇಸ್ ಬಗ್ಗೆ ಒಂದಷ್ಟು ಮಾತು

(ಶಿರಸಿ ಸೀಮೆಯ ಒಂದು ಹಳ್ಳಿಯಲ್ಲಿ ಆಟಗಾರರು, ತೋಟದ ಕೆಲಸದವರು ಮತ್ತು ಅವರ ಮನೆಯವರ ಮುಂದೆ ಫಿಸಿಯೋಥೆರಪಿಸ್ಟ್ ಒಬ್ಬರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಬಂದಿದ್ದೀರಿ, ತುಂಬಾ ಸಂತೋಷ. ಹಿಂದೆ ಕಂಬದ ಹತ್ತಿರ ಇಬ್ಬರು ಕಾಲು ನೀಡಿಕೊಂಡು ಕುಳಿತಿದ್ದಾರೆ. ಸಂಕೋಚ ಬೇಡ, ಹಾಗೆಯೇ ಕುಳಿತಿರಿ. ಇವತ್ತಿನ ಮಾತು ನಿಮ್ಮ ಕಾಲಿನ ಬಗ್ಗೆಯೇ.

ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಈ ಮಳೆಗಾಲದಲ್ಲಿ ಕಾಳುಮೆಣಸಿನ ಬಳ್ಳಿ ನೆಟ್ಟವರು ಎಷ್ಟು ಜನ ಇದ್ದೀರಿ? ಹೆಚ್ಚುಕಮ್ಮಿ ಎಲ್ಲರ ಕೈಯೂ ಮೇಲೆ ಬಂತು. ನೆಟ್ಟ ಬಳ್ಳಿಯನ್ನು ಅಡಿಕೆ ಮರಕ್ಕೆ ಕಟ್ಟುತ್ತೀರಿ. ಯಾಕೆ?

(ಸಭೆಯಿಂದ ಒಬ್ಬರು: “ಬೇರು ಕಚ್ಚೋ ತನಕ ಜಾರಬಾರದಲ್ಲ, ಅದಕ್ಕೆ.”)

ಸರಿ. ಬೇರು ಕಚ್ಚಿದ ಮೇಲೂ ಆ ಕಟ್ಟು ಬಿಗಿಯಾಗಿ ಹಾಗೆಯೇ ಉಳಿದರೆ?

(“ಹಗ್ಗ ಬಳ್ಳಿ ಒಳಗೇ ಇಳಿತದೆ. ಬಳ್ಳಿ ಸೊರಗ್ತದೆ.”)

ನಾನು ಹೇಳಬೇಕೆಂದು ಬಂದಿದ್ದು ಇದನ್ನೇ. ಪೆಟ್ಟಾದ ಮಂಡಿಗೆ ಆಧಾರವಾಗಿ ಹಾಕುವ ಮೊಣಕಾಲಿನ ಬ್ರೇಸ್ ಅಂದರೆ ಆ ಕಟ್ಟು. ಬೇರು ಅಂದರೆ ನಿಮ್ಮ ತೊಡೆಯ ಸ್ನಾಯು. ಕಟ್ಟು ಸರಿಯಾದ ಜಾಗದಲ್ಲಿ, ಸರಿಯಾದ ಬಿಗಿಯಲ್ಲಿ, ಸರಿಯಾದ ದಿನಗಳ ಮಟ್ಟಿಗೆ ಇರಬೇಕು. ಅಷ್ಟರೊಳಗೆ ಬೇರು ಬೆಳೆಯಬೇಕು. ಕಟ್ಟು ಎಷ್ಟೇ ದುಬಾರಿಯದಾದರೂ ಬೇರು ಬೆಳೆಯುವ ಕೆಲಸವನ್ನು ಅದು ಮಾಡುವುದಿಲ್ಲ.

ಇದು ನನಗೆ ಪುಸ್ತಕದಿಂದ ಗೊತ್ತಾಗಿದ್ದಲ್ಲ. ಕಾಲೇಜಿನಲ್ಲಿ ನಾನು ವಾಲಿಬಾಲ್ ಆಡುತ್ತಿದ್ದೆ. ಅಂಕೋಲೆ ಕಡೆ ಒಂದು ಪಂದ್ಯ. ನೆಟ್ ಹತ್ತಿರ ಎಗರಿ ಕೆಳಗೆ ಬರುವಾಗ ಎಡಗಾಲು ನೆಲಕ್ಕೆ ತಾಗಿತು, ಮೈ ಬಲಕ್ಕೆ ತಿರುಗಿತು. ಮೊಣಕಾಲಿನೊಳಗೆ ‘ಟಕ್’ ಅಂತ ಸದ್ದಾಯಿತು. ಪಕ್ಕದಲ್ಲಿದ್ದವರಿಗೂ ಕೇಳಿತಂತೆ. ಎರಡು ತಾಸಿನಲ್ಲಿ ಮಂಡಿ ತೆಂಗಿನಕಾಯಿಯಷ್ಟು ದಪ್ಪಗಾಯಿತು. ಮಾರನೇ ದಿನ ಒಂದು ಕಡೆ ತೋರಿಸಿದೆವು. ಎಕ್ಸ್‌ರೇ ತೆಗೆದರು. “ಎಲುಬಿಗೆ ಏನೂ ಆಗಿಲ್ಲ, ಬರೀ ಉಳುಕು, ಮಂಡಿಗೆ ಬಟ್ಟೆಯ ‘ನೀ ಕ್ಯಾಪ್’ ಹಾಕಿಕೊಂಡು ಓಡಾಡಿ” ಅಂದರು. ಅಪ್ಪ ಬರುವಾಗಲೇ ಔಷಧಿ ಅಂಗಡಿಯಲ್ಲಿ ನೀ ಕ್ಯಾಪ್ ತಂದರು. ನಾನು ಅದನ್ನು ಆರು ತಿಂಗಳು ಹಾಕಿದೆ. ರಾತ್ರಿ ಮಲಗುವಾಗಲೂ ಬಿಚ್ಚಲಿಲ್ಲ. ಅದು ಕಾಲಿಗೆ ಇದ್ದರೆ ಧೈರ್ಯ, ಇಲ್ಲದಿದ್ದರೆ ಭಯ. ಆದರೂ ಮನೆಯ ಮೆಟ್ಟಿಲು ಇಳಿಯುವಾಗ ಮಂಡಿ ತಟ್ಟನೆ ಕೈಕೊಡುತ್ತಿತ್ತು.

ಕೊನೆಗೆ ಹುಬ್ಬಳ್ಳಿಗೆ ಹೋದೆವು. ಅಲ್ಲಿ ಒಬ್ಬ ಹಿರಿಯ ಫಿಸಿಯೋಥೆರಪಿಸ್ಟ್ ಇದ್ದರು. ಏನೂ ಕೇಳುವ ಮೊದಲು ದರ್ಜಿಯ ಟೇಪು ತೆಗೆದರು. ಎರಡೂ ತೊಡೆಗಳ ಸುತ್ತಳತೆ ನೋಡಿದರು. ಎಡತೊಡೆ 3 ಸೆಂಟಿಮೀಟರ್ ಕಡಿಮೆ. “ತಂಗಿ, ಆರು ತಿಂಗಳು ಬಟ್ಟೆಯ ಮೇಲೆ ಭಾರ ಹಾಕಿದ್ದೀಯ. ನಿನ್ನ ಕಾಲು ಕೆಲಸ ಮರೆತಿದೆ” ಅಂದರು. ಅವತ್ತು ನನಗೆ ಅಳು ಬಂತು. ಈ ವೃತ್ತಿಗೆ ಬರಬೇಕು ಅನ್ನಿಸಿದ್ದೂ ಅವತ್ತೇ.

ಈಗ ಮೊಣಕಾಲಿನ ಒಳಗೆ ಏನಿದೆ ಅಂತ ಬೇಗ ನೋಡಿಬಿಡೋಣ. ತೊಡೆಯ ಎಲುಬಿಗೂ ಕೆಳಗಾಲಿನ ಎಲುಬಿಗೂ ನಡುವೆ ನಾಲ್ಕು ಗಟ್ಟಿ ಪಟ್ಟಿಗಳಿವೆ. ಅವೇ ಲಿಗಮೆಂಟ್. ಒಳಬದಿಗೆ ಒಂದು, ಹೊರಬದಿಗೆ ಒಂದು. ಇನ್ನೆರಡು ಕೀಲಿನ ನಟ್ಟನಡುವೆ ಕತ್ತರಿಯಂತೆ ಅಡ್ಡ ಹಾಯ್ದಿವೆ. ಆ ಎರಡರಲ್ಲಿ ಮುಂದಿನದಕ್ಕೆ ಎಸಿಎಲ್ ಅನ್ನುತ್ತಾರೆ. ಕೆಳಗಾಲು ಮುಂದಕ್ಕೆ ಜಾರದಂತೆ, ತಿರುಚದಂತೆ ತಡೆಯುವುದು ಅದು. ಹಿಂದಿನದು ಪಿಸಿಎಲ್. ಬೈಕಿನಿಂದ ಬಿದ್ದು ಮಂಡಿಯ ಕೆಳಗೆ ನೇರ ಪೆಟ್ಟು ಬಿದ್ದಾಗ ಏಟಾಗುವುದು ಸಾಮಾನ್ಯವಾಗಿ ಇದಕ್ಕೆ. ಎಲುಬುಗಳ ನಡುವೆ ಗಾದಿಯಂತೆ ಎರಡು ಮಿನಿಸ್ಕಸ್ ಇವೆ. ಸದ್ಯಕ್ಕೆ ಇಷ್ಟು ಸಾಕು.

ಒಂದು ವಿಷಯ ಮಾತ್ರ ದಯವಿಟ್ಟು ನೆನಪಿಡಿ. ಲಿಗಮೆಂಟ್ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ‘ಎಕ್ಸ್‌ರೇ ಸರಿ ಇದೆ’ ಅಂದರೆ ‘ಮೊಣಕಾಲು ಸರಿ ಇದೆ’ ಅಂತ ಅರ್ಥ ಅಲ್ಲ. ಬಿದ್ದಾಗ ಸದ್ದು ಬಂದಿದ್ದರೆ, ಕೆಲವೇ ತಾಸಿನಲ್ಲಿ ಬಾವು ಬಂದಿದ್ದರೆ, ಆಮೇಲೆ ಕಾಲು ಕೈಕೊಡುತ್ತಿದ್ದರೆ ಎಲುಬಿನ ಡಾಕ್ಟರ ಕೈಯಲ್ಲಿ ಪರೀಕ್ಷೆ ಆಗಲೇಬೇಕು. ಅನುಭವ ಇರುವ ಡಾಕ್ಟರು ಕೆಳಗಾಲನ್ನು ಹಿಡಿದು ಎಳೆದು ನೋಡಿಯೇ ಬಹಳಷ್ಟು ಹೇಳುತ್ತಾರೆ. ಬೇಕಿದ್ದರೆ ಎಂಆರ್‌ಐ ಮಾಡಿಸುತ್ತಾರೆ. ಪೆಟ್ಟಾದ ಮೇಲೆ ನಾಲ್ಕು ಹೆಜ್ಜೆಯನ್ನೂ ಇಡಲು ಆಗದಿದ್ದರೆ ಎಲುಬು ಮುರಿದಿರಬಹುದು. ಆಗ ಮೊದಲು ಎಕ್ಸ್‌ರೇಗೆ ಹೋಗಿ.

ಮೊದಲ ಎರಡು ಮೂರು ದಿನ ಏನು ಮಾಡಬೇಕು? ನಮ್ಮ ಕಡೆ ಮೊದಲು ನೆನಪಾಗುವುದು ಬಿಸಿ ಎಣ್ಣೆ ಹಾಕಿ ತಿಕ್ಕುವುದು. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಒಳಗೆ ರಕ್ತ ಒಸರುತ್ತಿರುವಾಗ ಬಿಸಿ ಮಾಡಿ ತಿಕ್ಕಿದರೆ ಬಾವು ಇನ್ನೂ ಜಾಸ್ತಿಯಾಗುತ್ತದೆ. ಆ ದಿನಗಳಲ್ಲಿ ಐಸ್ ಬೇಕು. ಕಾರವಾರ, ತದಡಿ ಕಡೆಯವರಿಗೆ ಮೀನಿನ ಐಸ್ ಪುಡಿ ಬೇಕಾದಷ್ಟು ಸಿಗುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಒದ್ದೆ ಬಟ್ಟೆ ಸುತ್ತಿ, ಒಂದು ಸಲಕ್ಕೆ 15ರಿಂದ 20 ನಿಮಿಷ ಇಡಿ. ನೇರ ಚರ್ಮಕ್ಕೆ ಇಡಬೇಡಿ. ಕಾಲನ್ನು ಎತ್ತರಕ್ಕೆ ಇಟ್ಟು ಮಲಗಿ.

ಈಗ ಬ್ರೇಸ್. ಅಂಗಡಿಯಲ್ಲಿ ‘ಮಂಡಿಗೆ ಹಾಕೋದು ಕೊಡಿ’ ಅಂದರೆ ಅವರು ಏನು ಬೇಕಾದರೂ ಕೊಡಬಹುದು. ಯಾಕೆಂದರೆ ಆ ಹೆಸರಿನಲ್ಲಿ ಬೇರೆ ಬೇರೆ ಕೆಲಸದ ವಸ್ತುಗಳಿವೆ.

ಕೆಲವು ನೂರು ರೂಪಾಯಿಗೆ ಸಿಗುವ ಕೊಳವೆಯಂಥ ಬಟ್ಟೆ ನೀ ಕ್ಯಾಪ್. ಅದು ಸ್ವಲ್ಪ ಒತ್ತುತ್ತದೆ, ಬೆಚ್ಚಗಿಡುತ್ತದೆ, ‘ಮಂಡಿ ಜೋಪಾನ’ ಅಂತ ಮೆದುಳಿಗೆ ನೆನಪಿಸುತ್ತದೆ. ಅಷ್ಟೇ. ಮಂಡಿ ಪಕ್ಕಕ್ಕೆ ಬಾಗುವುದನ್ನಾಗಲಿ, ತಿರುಚುವುದನ್ನಾಗಲಿ ಅದು ತಡೆಯುವುದಿಲ್ಲ. ಹರಿದ ಲಿಗಮೆಂಟಿಗೆ ಅದನ್ನು ನಂಬಿದರೆ ನನಗಾದದ್ದೇ ಆಗುತ್ತದೆ.

ಎರಡೂ ಪಕ್ಕದಲ್ಲಿ ಲೋಹದ ಪಟ್ಟಿ, ನಡುವೆ ಬಾಗಿಲಿನ ಹಿಂಜಿನಂಥದ್ದು ಇರುವುದು ಹಿಂಜ್ ಬ್ರೇಸ್. ಇದರಲ್ಲಿ ಮಂಡಿ ಮುಂದೆ ಹಿಂದೆ ಮಡಚುತ್ತದೆ, ಪಕ್ಕಕ್ಕೆ ವಾಲುವುದಿಲ್ಲ. ಒಳಬದಿಯ ಲಿಗಮೆಂಟಿಗೆ ಪೆಟ್ಟಾದವರಿಗೆ ಇದು ನಿಜಕ್ಕೂ ಒಳ್ಳೆಯ ಗೆಳೆಯ. ಆ ಲಿಗಮೆಂಟಿಗೆ ರಕ್ತದ ಓಡಾಟ ಚೆನ್ನಾಗಿದೆ. ಹೆಚ್ಚಿನ ಸಲ ಆಪರೇಷನ್ ಇಲ್ಲದೆಯೇ ಕೂಡಿಕೊಳ್ಳುತ್ತದೆ. ಬರೀ ಎಳೆದಂತಾಗಿದ್ದರೆ ಒಂದೆರಡು ವಾರ, ಅರ್ಧ ಹರಿದಿದ್ದರೆ ಸುಮಾರು 4ರಿಂದ 6 ವಾರ, ಪೂರ್ತಿ ಹರಿದಿದ್ದರೆ ಅದಕ್ಕಿಂತ ಹೆಚ್ಚು. ಅಷ್ಟು ದಿನ ಅದು ಪಕ್ಕಕ್ಕೆ ಎಳೆಯದಂತೆ ಕಾಯುವುದೇ ಬ್ರೇಸಿನ ಕೆಲಸ.

ಇನ್ನೊಂದು ಉದ್ದನೆಯದು. ತೊಡೆಯ ಮೇಲಿಂದ ಮೀನಖಂಡದ ಕೆಳಗಿನವರೆಗೆ ಇರುತ್ತದೆ. ಪಕ್ಕದಲ್ಲಿ ಗಡಿಯಾರದಂಥ ಡಯಲ್. 0ರಿಂದ 30 ಡಿಗ್ರಿ, 60, 90 ಹೀಗೆ ಎಷ್ಟು ಮಡಚಬಹುದು ಅಂತ ಅದರಲ್ಲಿ ಗುರುತು ಇಡುತ್ತಾರೆ. ಆಪರೇಷನ್ ಆದ ಮೇಲೆ, ಅದರಲ್ಲೂ ಮಿನಿಸ್ಕಸ್ ಹೊಲಿದಿದ್ದರೆ, ಇದನ್ನು ಕೊಡುತ್ತಾರೆ. ಆ ಡಯಲನ್ನು ನೀವು ತಿರುಗಿಸಬೇಡಿ. ನಿಮ್ಮ ಒಳಗೆ ಏನು ಹೊಲಿದಿದ್ದಾರೆ ಅಂತ ಗೊತ್ತಿರುವುದು ಆಪರೇಷನ್ ಮಾಡಿದವರಿಗೆ.

ಆಟಗಾರರು ಟಿವಿಯಲ್ಲಿ ಹಾಕಿಕೊಂಡಿರುವ ಗಟ್ಟಿ ಚೌಕಟ್ಟಿನ ಬ್ರೇಸ್ ಕೂಡ ನೋಡಿರುತ್ತೀರಿ. ಅದರ ಹಿಂದೊಂದು ಕತೆ ಇದೆ. ಅಮೆರಿಕನ್ ಫುಟ್‌ಬಾಲ್ ಆಟಗಾರ ಜೋ ನೇಮತ್‌ನ ಮೊಣಕಾಲು ಕೈಕೊಡುತ್ತಿತ್ತು. ಅವನಿಗಾಗಿ 1960ರ ದಶಕದಲ್ಲಿ ನ್ಯೂಯಾರ್ಕಿನ ಲೆನಾಕ್ಸ್ ಹಿಲ್ ಆಸ್ಪತ್ರೆಯ ಡಾ. ಜೇಮ್ಸ್ ನಿಕೋಲಸ್ ಮತ್ತು ಜೊತೆಯವರು ಬ್ರೇಸ್ ಮಾಡಿಕೊಟ್ಟರು. ಆಟದ ಬ್ರೇಸ್‌ಗಳ ಕಾಲ ಶುರುವಾಗಿದ್ದು ಹೆಚ್ಚುಕಮ್ಮಿ ಅಲ್ಲಿಂದ. ಆದರೆ ಒಂದು ಸತ್ಯ ಹೇಳಲೇಬೇಕು. ಪ್ರಯೋಗಶಾಲೆಯಲ್ಲಿ ಸಣ್ಣ ಬಲ ಹಾಕಿ ನೋಡಿದರೆ ಇಂಥ ಬ್ರೇಸ್ ಕೆಳಗಾಲಿನ ಜಾರುವಿಕೆಯನ್ನು ತಡೆಯುತ್ತದೆ. ಕಬಡ್ಡಿಯಲ್ಲಿ ರೈಡರ್‌ನ ಪಾದ ಹಿಡಿದು ನಾಲ್ಕು ಜನ ಎಳೆದಾಗ ಬೀಳುವ ಬಲ ಸಣ್ಣದಲ್ಲ. ಅಲ್ಲಿ ಯಾವ ಬ್ರೇಸೂ ಎಸಿಎಲ್ ಜಾಗದಲ್ಲಿ ನಿಲ್ಲಲಾರದು. ‘ಬ್ರೇಸ್ ಇದೆಯಲ್ಲ, ಫೈನಲ್ ಆಡ್ತೇನೆ’ ಅಂತ ಬರುವ ಹುಡುಗರಿಗೆ ನಾನು ಇದನ್ನೇ ಕೈ ಹಿಡಿದು ಹೇಳುವುದು.

ಎಸಿಎಲ್ ಪೂರ್ತಿ ಹರಿದರೆ ಆಪರೇಷನ್ ಬೇಕೇ ಬೇಕಾ? ಇದನ್ನು ಎಲ್ಲರೂ ಕೇಳುತ್ತಾರೆ. ಸ್ವೀಡನ್‌ನಲ್ಲಿ 121 ಯುವಜನರ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಬೇಗ ಆಪರೇಷನ್ ಮತ್ತು ವ್ಯಾಯಾಮ. ಉಳಿದವರಿಗೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಮುಂದೆ ಆಪರೇಷನ್. ಎರಡು ವರ್ಷದ ಹೊತ್ತಿಗೆ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿದ್ದವು. ಎರಡನೇ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅಷ್ಟರೊಳಗೆ ಆಪರೇಷನ್ ಬೇಕಾಗಲೇ ಇಲ್ಲ. ಹಾಗಂತ ಎಲ್ಲರಿಗೂ ಬೇಡ ಅಂತ ಅಲ್ಲ. ತಿರುಗಿ ಎಗರಿ ಆಡುವ ಆಟಗಾರರಿಗೆ, ಬಿಟ್ಟೂಬಿಟ್ಟು ಕಾಲು ಕೈಕೊಡುವವರಿಗೆ ಬೇಕಾಗಬಹುದು. ಆದರೆ ಎರಡೂ ಗುಂಪಿನಲ್ಲಿ ಇದ್ದ ಒಂದು ಸಂಗತಿ ಗಮನಿಸಿ. ವ್ಯಾಯಾಮ. ಅದು ಯಾರಿಗೂ ತಪ್ಪಲಿಲ್ಲ.

ಮೊಬೈಲಿನಲ್ಲಿ ನೋಡಿ ಬಂದವರು ಕೇಳುವ ಇನ್ನೊಂದಿದೆ. ಆಸ್ಟ್ರೇಲಿಯಾದಲ್ಲಿ ಎಸಿಎಲ್ ಹರಿದ 80 ಜನರಿಗೆ ಪೆಟ್ಟಾದ ಕೆಲವೇ ವಾರಗಳೊಳಗೆ ಮೊಣಕಾಲನ್ನು 90 ಡಿಗ್ರಿಗೆ ಮಡಚಿ ಬ್ರೇಸಿನಲ್ಲಿ 4 ವಾರ ಲಾಕ್ ಮಾಡಿದರು. ಆಮೇಲೆ ನಿಧಾನಕ್ಕೆ ಬಿಡಿಸುತ್ತಾ ಬಂದು 12 ವಾರಕ್ಕೆ ಬ್ರೇಸ್ ತೆಗೆದರು. ಮೂರು ತಿಂಗಳ ಎಂಆರ್‌ಐಯಲ್ಲಿ 90 ಶೇಕಡಾ ಜನರ ಎಸಿಎಲ್ ಕೂಡುವ ಲಕ್ಷಣ ಕಂಡಿತು. 2023ರಲ್ಲಿ ಇದು ಪ್ರಕಟವಾಯಿತು. ಎಸಿಎಲ್ ಕೂಡುವುದೇ ಇಲ್ಲ ಅಂತ ನಾವು ಓದಿ ಬಂದವರು. ನನಗೂ ಇದು ಆಶೆ ತಂದಿದೆ. ಆದರೆ ಅಲ್ಲಿ ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ. ಕಾಲು ಅಲುಗಾಡದೆ ಇದ್ದಾಗ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ ಅಂತ ರಕ್ತ ತೆಳುವಾಗಿಸುವ ಔಷಧಿಯನ್ನೂ ಕೊಡುತ್ತಿದ್ದರು. ಮನೆಯಲ್ಲಿ ನೀವೇ ಬ್ರೇಸ್ ತಂದು ಮಡಚಿ ಲಾಕ್ ಮಾಡಿಕೊಳ್ಳುವ ಕೆಲಸ ಇದಲ್ಲ. ಖಂಡಿತ ಅಲ್ಲ.

ಇನ್ನು ಹಾಕಿಕೊಳ್ಳುವ ರೀತಿ. ಇಲ್ಲಿ ಸ್ವಲ್ಪ ನಿಧಾನ ಹೋಗುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಬ್ರೇಸ್ ಸರಿಯಾಗಿ ಹಾಕಿಕೊಂಡು ಬರುವವರು ತುಂಬಾ ಕಡಿಮೆ.

ಅಳತೆಯಿಂದ ಶುರು ಮಾಡೋಣ. ‘ನನ್ನದು ಲಾರ್ಜ್ ಪ್ಯಾಂಟ್, ಬ್ರೇಸೂ ಲಾರ್ಜ್ ಕೊಡಿ’ ಅನ್ನಬೇಡಿ. ಮಂಡಿಚಿಪ್ಪಿನ ಮೇಲೆ ತೊಡೆಯ ಸುತ್ತಳತೆ, ಕೆಳಗೆ ಮೀನಖಂಡದ ಸುತ್ತಳತೆ ಎರಡೂ ಬೇಕು. ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಸಾಮಾನ್ಯವಾಗಿ ಒಂದು ಗೇಣಿಗಿಂತ ಕಡಿಮೆ, 15 ಸೆಂಟಿಮೀಟರ್. ಬಾವು ಇಳಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಮೊದಲ ವಾರ ಸರಿ ಕೂತ ಬ್ರೇಸ್ ಮೂರನೇ ವಾರ ಸಡಿಲ ಆಗುತ್ತದೆ.

ಕುರ್ಚಿಯ ಅಂಚಿಗೆ ಕುಳಿತು ಕಾಲನ್ನು ಸ್ವಲ್ಪ ಮಡಚಿ ಹಾಕಿಕೊಳ್ಳಿ. ಒಳಗೆ ತೆಳ್ಳನೆಯ ಹತ್ತಿ ಬಟ್ಟೆ ಇರಲಿ. ಹಿಂಜಿನ ನಡುಭಾಗ ನಿಮ್ಮ ಕೀಲಿನ ಪಕ್ಕದಲ್ಲೇ, ಮಂಡಿಚಿಪ್ಪಿನ ಮಟ್ಟದಲ್ಲೇ ಬರಬೇಕು. ಬಾಗಿಲಿನ ಹಿಂಜ್ ಎರಡು ಅಂಗುಲ ಕೆಳಗೆ ಜಡಿದರೆ ಬಾಗಿಲು ಕಿರುಗುಟ್ಟುತ್ತದೆ ಅಲ್ವಾ? ಇಲ್ಲೂ ಅಷ್ಟೇ. ಹಿಂಜ್ ಜಾರಿ ಮೀನಖಂಡಕ್ಕೆ ಬಂದಿದ್ದರೆ ನಿಮ್ಮ ಕೀಲು ಒಂದು ಕಡೆ ಮಡಚುತ್ತದೆ, ಬ್ರೇಸ್ ಇನ್ನೊಂದು ಕಡೆ ಮಡಚುತ್ತದೆ. ನಡುವೆ ಎಳೆತ ಬೀಳುವುದು ಗಾಯವಾದ ಜಾಗಕ್ಕೆ.

ಬ್ರೇಸ್ ಜಾರುವುದೇ ಎಲ್ಲರ ದೂರು. ಜಾರದಿರಲು ಒಂದು ಉಪಾಯ ಇದೆ. ಮಂಡಿಯ ಕೆಳಗೆ, ಮೀನಖಂಡ ಉಬ್ಬುವುದಕ್ಕಿಂತ ಮೇಲೆ, ಕಾಲು ಸ್ವಲ್ಪ ಸಪೂರ ಇರುವ ಜಾಗ ಇದೆ. ಅಲ್ಲಿ ಬರುವ ಪಟ್ಟಿಯನ್ನು ಮೊದಲು ಬಿಗಿಯಿರಿ. ಮೀನಖಂಡದ ಉಬ್ಬೇ ಅದನ್ನು ಕೆಳಗೆ ಬಿಡದೆ ಹಿಡಿಯುತ್ತದೆ. ಆಮೇಲೆ ಕೆಳಗಿನ ಪಟ್ಟಿ, ಆಮೇಲೆ ತೊಡೆಯ ಪಟ್ಟಿಗಳು. ನಿಮ್ಮ ಬ್ರೇಸಿನ ಚೀಟಿಯಲ್ಲಿ ಬೇರೆ ಕ್ರಮ ಇದ್ದರೆ ಅದನ್ನೇ ಮಾಡಿ. ಕಟ್ಟಿದ ಮೇಲೆ ಪ್ರತಿ ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು. ಹತ್ತು ನಿಮಿಷ ನಡೆದು ಇನ್ನೊಮ್ಮೆ ಸರಿ ಮಾಡಿಕೊಳ್ಳಿ.

ನೋವಿನ ಮುಲಾಮು ಹಚ್ಚಿ ಅದರ ಮೇಲೆ ಬ್ರೇಸ್ ಬಿಗಿಯುವ ಅಭ್ಯಾಸ ತುಂಬಾ ಜನರಿಗಿದೆ. ದಯವಿಟ್ಟು ಬೇಡ. ಒಳಗೆ ಗಾಳಿ ಇಲ್ಲ, ಬೆವರು, ಖಾರದ ಮುಲಾಮು. ಚರ್ಮ ಸುಟ್ಟು ಬೊಬ್ಬೆ ಬಂದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಎಣ್ಣೆ ಹಚ್ಚಿದರಂತೂ ಬ್ರೇಸ್ ನಿಲ್ಲುವುದೇ ಇಲ್ಲ.

ಈಗ ಹೇಳುವುದನ್ನು ಮನೆಯವರು ಕೂಡ ಕೇಳಿಸಿಕೊಳ್ಳಿ. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಕೈಯಿಟ್ಟರೆ ಒಂದು ಗುಬುಟು ಎಲುಬು ಸಿಗುತ್ತದೆ. ಎಲ್ಲರೂ ಮುಟ್ಟಿ ನೋಡಿ. ಸಿಕ್ಕಿತಾ? ಅದರ ಕೊರಳು ಬಳಸಿ ಒಂದು ನರ ಚರ್ಮದ ಅಡಿಯಲ್ಲೇ ಹೋಗುತ್ತದೆ. ಪಾದವನ್ನು ಮೇಲಕ್ಕೆ ಎತ್ತುವ ಸ್ನಾಯುಗಳಿಗೆ ಹೋಗುವುದು ಅದೇ ನರ. ಬ್ರೇಸಿನ ಪಟ್ಟಿ ಅಲ್ಲಿ ತಾಸುಗಟ್ಟಲೆ ಒತ್ತಿದರೆ ನರ ಸೋಲುತ್ತದೆ. ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ, ಹೆಬ್ಬೆರಳು ಮೇಲೆ ಏಳುವುದಿಲ್ಲ, ನಡೆಯುವಾಗ ಪಾದ ನೆಲಕ್ಕೆ ಉಜ್ಜುತ್ತದೆ. ಹಾಗಾಗಿ ದಿನಕ್ಕೆ ಕೆಲವು ಸಲ ‘ಹೆಬ್ಬೆರಳು ಎತ್ತು ನೋಡುವಾ’ ಅಂತ ಕೇಳಿ. ಎತ್ತಲು ಆಗದಿದ್ದರೆ ತಕ್ಷಣ ಪಟ್ಟಿ ಸಡಿಲಿಸಿ, ಡಾಕ್ಟರಿಗೆ ತಿಳಿಸಿ. ಬೆರಳು ನೀಲಿಯಾದರೆ, ಪಾದ ತಣ್ಣಗಾದರೆ ಕೂಡ ಹಾಗೆಯೇ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋವಾದರೆ ರಕ್ತ ಹೆಪ್ಪುಗಟ್ಟಿರಬಹುದು. ಅದಕ್ಕೆ ಬೆಳಗಾಗುವ ತನಕ ಕಾಯಬೇಡಿ. ಉಸಿರು ಸಿಕ್ಕಿಕೊಂಡರೆ ಒಂದು ನಿಮಿಷವೂ ಕಾಯಬೇಡಿ.

ಶಿರಸಿಯಿಂದ ಹುಬ್ಬಳ್ಳಿಗೆ, ದೇವಿಮನೆ ಘಾಟಿ ಇಳಿದು ಕುಮಟೆಗೆ, ಅಲ್ಲಿಂದ ಮಣಿಪಾಲಕ್ಕೆ, ಕಾರವಾರದಿಂದ ಗೋವಾಕ್ಕೆ. ನಮ್ಮ ಜಿಲ್ಲೆಯವರಿಗೆ ದೊಡ್ಡ ಚಿಕಿತ್ಸೆ ಅಂದರೆ ತಾಸುಗಟ್ಟಲೆ ದಾರಿ. ಬ್ರೇಸ್ ಲಾಕ್ ಮಾಡಿದ ಕಾಲನ್ನು ಹಿಡಿದುಕೊಂಡು ಅಷ್ಟು ದೂರ ಅಲುಗಾಡದೆ ಕುಳಿತಿರಬೇಡಿ. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರಿ. ಹೊಲಿಗೆ ಯಂತ್ರ ತುಳಿದಂತೆ. ಅದು ಮೀನಖಂಡದ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ.

ಇನ್ನು ನಮ್ಮ ಮಳೆಗಾಲ. ಬ್ರೇಸ್ ಜೊತೆ ಬರುವ ಚೀಟಿಯಲ್ಲಿ ‘ಕೈಯಿಂದ ತೊಳೆಯಿರಿ, ನೆರಳಿನಲ್ಲಿ ಒಣಗಿಸಿ’ ಅಂತ ಇರುತ್ತದೆ. ಆಷಾಢದಲ್ಲಿ ನಮ್ಮ ಮನೆಗಳಲ್ಲಿ ಯಾವುದು ಒಣಗುತ್ತದೆ ಹೇಳಿ! ಒಬ್ಬರು ಬಚ್ಚಲೊಲೆಯ ಮೇಲೆ ನೇತುಹಾಕಿದ್ದರು. ಸ್ಪಾಂಜ್ ಬಿರುಕು ಬಿಟ್ಟು, ಅಂಟುಪಟ್ಟಿ ಸುರುಟಿ, ಬ್ರೇಸ್ ಹಾಳಾಯಿತು. ಹಾಗೆ ಮಾಡಬೇಡಿ. ಬಿಚ್ಚಲು ಬರುವ ಒಳಬಟ್ಟೆಯನ್ನು ಮಾತ್ರ ಸಾಬೂನು ನೀರಿನಲ್ಲಿ ತೊಳೆದು, ದಪ್ಪ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಫ್ಯಾನಿನ ಕೆಳಗೆ ಹರಡಿ. ಸಾಧ್ಯವಾದರೆ ಎರಡು ಒಳಬಟ್ಟೆ ಇಟ್ಟುಕೊಳ್ಳಿ. ದಿನಕ್ಕೊಮ್ಮೆ ಬ್ರೇಸ್ ಬಿಚ್ಚಲು ಡಾಕ್ಟರ ಒಪ್ಪಿಗೆ ಇದ್ದರೆ, ಮಲಗಿಕೊಂಡೇ ಬಿಚ್ಚಿ, ಚರ್ಮ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಮಂಡಿಯ ಹಿಂದಿನ ಮಡಿಕೆಯಲ್ಲಿ ಕೆಂಪಗಾಗಿ ತುರಿಕೆ ಬಂದರೆ ಅದು ಫಂಗಸ್ ಇರಬಹುದು. ಬೇಗ ತೋರಿಸಿ. ಸಕ್ಕರೆ ಕಾಯಿಲೆ ಇದ್ದವರು ಚರ್ಮವನ್ನು ದಿನಾ ನೋಡಲೇಬೇಕು. ಗಾಯ ಆದರೂ ಅವರಿಗೆ ಗೊತ್ತಾಗದೆ ಇರಬಹುದು. ದೋಣಿಗೆ ಹೋಗುವವರು ಇದ್ದರೆ, ಉಪ್ಪುನೀರು ತಾಗಿದ ಹಿಂಜನ್ನು ಸಿಹಿನೀರಿನಲ್ಲಿ ತೊಳೆದು ಒರೆಸಿ ಇಡಿ. ಇಲ್ಲದಿದ್ದರೆ ತುಕ್ಕು ಹಿಡಿದು ಬಿಗಿಯುತ್ತದೆ.

ಅಂಗಳದ ಹಾವಸೆ, ತೋಟದ ಕಾಲುಸಂಕ, ಒದ್ದೆ ಅಡಿಕೆ ಹಾಳೆ. ಬ್ರೇಸ್ ಹಾಕಿದ ಕಾಲಿಗೆ ಇವು ಮೂರೂ ಶತ್ರುಗಳು. ಕಾಲು ನೆಟ್ಟಗೆ ಲಾಕ್ ಆಗಿರುವಾಗ ಜಾರಿದರೆ ಸಾವರಿಸಿಕೊಳ್ಳಲು ಆಗುವುದಿಲ್ಲ. ಸಂಕ ದಾಟುವ ಕೆಲಸ ಆ ವಾರಗಳಲ್ಲಿ ಬೇಡವೇ ಬೇಡ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು. ಒಂದೇ ಕೋಲು ಹಿಡಿಯುವುದಾದರೆ ಪೆಟ್ಟಾದ ಕಾಲಿನ ಎದುರು ಕೈಯಲ್ಲಿ ಹಿಡಿಯಿರಿ. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವುದು, ಮೆಟ್ಟುಗತ್ತಿಯ ಮುಂದೆ ಕುಕ್ಕರಗಾಲಿನಲ್ಲಿ ಅಡಿಕೆ ಸುಲಿಯುವುದು, ನೆಲದ ಪಾಯಖಾನೆ, ಈ ಮೂರಕ್ಕೂ ಸದ್ಯಕ್ಕೆ ರಜೆ. ಊಟಕ್ಕೆ ಕುರ್ಚಿ ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಈಗ ಬೇರಿನ ಮಾತಿಗೆ ಬರೋಣ. ಮೊಣಕಾಲಿನಲ್ಲಿ ಬಾವು ಬಂದ ಕೂಡಲೇ ಮೆದುಳು ತೊಡೆಯ ಮುಂದಿನ ಸ್ನಾಯುವಿಗೆ ‘ಸುಮ್ನಿರು’ ಅಂತ ಆಜ್ಞೆ ಕೊಡುತ್ತದೆ. ಕೆಲವೇ ವಾರಗಳಲ್ಲಿ ತೊಡೆ ಸಪೂರ ಆಗುತ್ತದೆ. ಬ್ರೇಸ್ ಹಾಕಿಕೊಂಡು ಸುಮ್ನೆ ಮಲಗಿದರೆ ಇನ್ನೂ ಬೇಗ ಸಪೂರ ಆಗುತ್ತದೆ. ಇದನ್ನು ತಡೆಯಲು ಜಿಮ್ ಬೇಡ. ಚಾಪೆ ಸಾಕು.

ಕಾಲು ನೀಡಿ ಕುಳಿತು, ಮಂಡಿಯ ಹಿಂಭಾಗದಿಂದ ನೆಲವನ್ನು ಒತ್ತಿ. ತೊಡೆ ಕಲ್ಲಿನಂತೆ ಗಟ್ಟಿಯಾಗಬೇಕು. ಐದು ಎಣಿಸಿ ಬಿಡಿ. ಹತ್ತು ಸಲ. ದಿನಕ್ಕೆ ನಾಲ್ಕೈದು ಹೊತ್ತು. ಇದು ಬ್ರೇಸಿನ ಒಳಗೇ ಆಗುತ್ತದೆ. ಆಮೇಲೆ ನೇರ ಕಾಲನ್ನು ಒಂದು ಗೇಣು ಎತ್ತಿ ಹಿಡಿಯುವುದು. ಎತ್ತುವಾಗ ಮಂಡಿ ಸ್ವಲ್ಪವೂ ಬಾಗಬಾರದು. ಬಾಗಿದರೆ ಸ್ನಾಯು ಇನ್ನೂ ಎಚ್ಚರವಾಗಿಲ್ಲ ಅಂತ ಅರ್ಥ. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಮಂಡಿಯನ್ನು ಪೂರ್ತಿ ನೆಟ್ಟಗಾಗಲು ಬಿಡುವುದು ಮೂರನೆಯದು. ಎಲ್ಲರೂ ಹಾಯೆನಿಸುತ್ತದೆ ಅಂತ ಮಂಡಿಯ ಕೆಳಗೆ ದಿಂಬು ಇಡುತ್ತಾರೆ. ಆ ದಿಂಬು ನಿಮ್ಮ ವೈರಿ. ಮಂಡಿ ಸ್ವಲ್ಪ ಬಾಗಿದಂತೆಯೇ ಗಟ್ಟಿಯಾಗಿಬಿಟ್ಟರೆ ಆಮೇಲೆ ಕುಂಟು ನಡಿಗೆಯೇ ಉಳಿದುಬಿಡಬಹುದು. ಆಪರೇಷನ್ ಆದವರು, ಪಿಸಿಎಲ್ ಪೆಟ್ಟಾದವರು ಯಾವುದನ್ನು ಯಾವಾಗ ಶುರು ಮಾಡಬೇಕು ಅಂತ ತಮ್ಮ ಡಾಕ್ಟರನ್ನೇ ಕೇಳಿ.

ಬ್ರೇಸ್ ಯಾವಾಗ ಬಿಡಬೇಕು? ಕ್ಯಾಲೆಂಡರ್ ಒಂದೇ ನೋಡಬೇಡಿ. ಡಾಕ್ಟರು ಹೇಳಿದ ವಾರಗಳು ಮುಗಿದಿರಬೇಕು. ಅದರ ಜೊತೆಗೆ ಬಾವು ಇಳಿದಿರಬೇಕು, ಮಂಡಿ ಪೂರ್ತಿ ನೆಟ್ಟಗಾಗಬೇಕು, ನೇರ ಕಾಲು ಬಾಗದೆ ಮೇಲೆ ಬರಬೇಕು, ನಡೆಯುವಾಗ ಕೈಕೊಡಬಾರದು. ಮೊದಲು ಮನೆಯೊಳಗೆ, ಸಿಮೆಂಟ್ ನೆಲದ ಮೇಲೆ ಬಿಚ್ಚಿ ನಡೆಯಿರಿ. ಆಮೇಲೆ ಅಂಗಳದಲ್ಲಿ. ತೋಟದ ಇಳಿಜಾರಿಗೆ, ಸಂತೆಯ ನೂಕುನುಗ್ಗಲಿಗೆ ಇನ್ನಷ್ಟು ದಿನ ಹಾಕಿಕೊಳ್ಳಿ. ಬಿಚ್ಚಿದ ದಿನ ಸಂಜೆ ಬಾವು ಬಂದರೆ ಸ್ವಲ್ಪ ಹಿಂದೆ ಸರಿಯಿರಿ. ಅದರಲ್ಲಿ ಸೋಲೇನಿಲ್ಲ.

ಎಸಿಎಲ್ ಆಪರೇಷನ್ ಆದವರಿಗೆ ಮೈದಾನಕ್ಕೆ ಕನಿಷ್ಠ 9 ತಿಂಗಳು ಅಂತ ನಾವು ಹೇಳುತ್ತೇವೆ. ನಾರ್ವೆಯ ಆಟಗಾರರನ್ನು ಎರಡು ವರ್ಷ ಗಮನಿಸಿದ ಅಧ್ಯಯನವೊಂದರಲ್ಲಿ, 9 ತಿಂಗಳವರೆಗೆ ತಡೆದ ಒಂದೊಂದು ತಿಂಗಳಿಗೂ ಮತ್ತೆ ಪೆಟ್ಟಾಗುವ ಸಂಭವ ಸುಮಾರು ಅರ್ಧಕ್ಕೆ ಇಳಿದಿತ್ತು. ಕ್ರಿಕೆಟಿಗ ರಿಷಭ್ ಪಂತ್ ನೆನಪಿದೆ ಅಲ್ವಾ? 2022ರ ಡಿಸೆಂಬರ್ 30ರಂದು ಕಾರು ಅಪಘಾತ, ಬಲ ಮೊಣಕಾಲಿನ ಲಿಗಮೆಂಟ್ ಹರಿಯಿತು. ಮತ್ತೆ ಪಂದ್ಯ ಆಡಿದ್ದು 2024ರ ಮಾರ್ಚ್ ಕೊನೆಯಲ್ಲಿ. ಹತ್ತಿರಹತ್ತಿರ 15 ತಿಂಗಳು. ದೇಶದ ಒಳ್ಳೊಳ್ಳೆಯ ತಜ್ಞರು ಸುತ್ತ ಇದ್ದೂ ಅಷ್ಟು ಕಾಲ ಬೇಕಾಯಿತು. ನಮ್ಮ ಹುಡುಗರು ಮೂರೇ ತಿಂಗಳಿಗೆ ಅಂಕಣಕ್ಕೆ ಇಳಿದಾಗ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಯಕ್ಷಗಾನದ ಕಲಾವಿದರು ಇಬ್ಬರು ಬಂದಿದ್ದೀರಿ. ಒಬ್ಬರು ಬರುವಾಗಲೇ ಕೇಳಿದರು: “ಅಕ್ಕ, ಬ್ರೇಸ್ ಮೇಲೆ ವೇಷ ಕಟ್ಟಿ ಮಂಡಿ ಹಾಕ್ಲಕ್ಕಾ?” ಇಲ್ಲ ತಮ್ಮ. ಮಂಡಿಯ ಮೇಲೆ ಗಿರಗಿರ ತಿರುಗುವಾಗ ಪೂರ್ತಿ ಮಡಚಿದ ಕೀಲಿನ ಮೇಲೆ ಮೈಭಾರ ಮತ್ತು ತಿರುಚು ಎರಡೂ ಬೀಳುತ್ತವೆ. ಬ್ರೇಸಿನ ಹಿಂಜ್ ಅದಕ್ಕೆ ಮಾಡಿದ್ದಲ್ಲ, ಲೋಹ ಕಾಲಿಗೇ ಚುಚ್ಚುತ್ತದೆ. ಮೇಳದ ಈ ತಿರುಗಾಟಕ್ಕೆ ನಿಂತು ಮಾಡುವ ಪಾತ್ರ ಕೇಳಿ. ನಿಮ್ಮ ಭಾಗವತರು ಅರ್ಥ ಮಾಡಿಕೊಳ್ಳುತ್ತಾರೆ. ಮಂಡಿ ಹಾಕುವುದನ್ನು ಎಲ್ಲಕ್ಕಿಂತ ಕೊನೆಗೆ ಸೇರಿಸೋಣ.

(ಇಲ್ಲಿ ಸಭೆಯಲ್ಲಿದ್ದ ಹಿರಿಯ ಮಹಿಳೆಯೊಬ್ಬರು ತಮ್ಮ ಮಂಡಿನೋವಿಗೂ ಇದೇ ಬ್ರೇಸ್ ಆಗುತ್ತದಾ ಅಂತ ಕೇಳಿದರು.)

ಅಮ್ಮ, ನಿಮ್ಮದು ಸವೆತದ ನೋವು. ಲಿಗಮೆಂಟಿನದಲ್ಲ. ಸವೆದ ಬದಿಯ ಭಾರ ಇಳಿಸುವ ಬೇರೆ ತರಹದ ಬ್ರೇಸ್ ಇದೆ. ಮಗನ ಹಳೇ ಬ್ರೇಸ್ ಹಾಕಿಕೊಳ್ಳಬೇಡಿ, ಅದರ ಅಳತೆಯೂ ನಿಮ್ಮದಲ್ಲ. ನಿಮಗೂ ತೊಡೆಯ ವ್ಯಾಯಾಮವೇ ಮೊದಲ ಔಷಧಿ. ಆಮೇಲೆ ಸಿಗಿ, ತೋರಿಸಿಕೊಡುತ್ತೇನೆ.

(ಕಂಬದ ಹತ್ತಿರ ಕುಳಿತಿದ್ದವರಲ್ಲಿ ಒಬ್ಬರು: “ನಂದು ಅಡಿಕೆ ಕೊನೆ ತೆಗೆಯೋ ಕೆಲಸ. ಕೊಳೆ ರೋಗದ ಔಷಧಿ ಹೊಡೆಯುವಾಗ ಜಾರಿ ಬಿದ್ದೆ. ಒಳಬದಿ ಲಿಗಮೆಂಟ್ ಅಂದ್ರು. ಐದು ವಾರ ಆಯ್ತು. ಈ ಸಲ ಸುಗ್ಗಿಗೆ ಮರ ಹತ್ಲಿಕ್ಕೆ ಆಗ್ತದಾ? ಬ್ರೇಸ್ ಹಾಕ್ಕೊಂಡೇ ಹತ್ತಬಹುದಾ?”)

ಬ್ರೇಸ್ ಹಾಕಿಕೊಂಡು ಮರ ಹತ್ತಬೇಡಿ ಅಣ್ಣ. ಮರ ತಬ್ಬಿ ಹಿಡಿಯುವಾಗ ಮೊಣಕಾಲು ಹೊರಗೆ ತೆರೆದುಕೊಳ್ಳುತ್ತದೆ, ಎಳೆತ ಬೀಳುವುದು ಸರಿಯಾಗಿ ಆ ಒಳಬದಿಗೇ. ಹಿಂಜ್ ಮರಕ್ಕೆ ಉಜ್ಜಿ ಜಾರುತ್ತದೆ. 40 ಅಡಿ ಮೇಲೆ ಬ್ರೇಸ್ ಸರಿಮಾಡಿಕೊಳ್ಳಲು ಕೈ ಖಾಲಿ ಇರುವುದಿಲ್ಲ. ಸುಗ್ಗಿಗೆ ಇನ್ನೂ ಮೂರು ತಿಂಗಳಿದೆ. ಬ್ರೇಸ್ ಬಿಟ್ಟು, ಒಂಟಿ ಕಾಲಿನಲ್ಲಿ ಹತ್ತು ಸಲ ಅರ್ಧ ಕುಳಿತು ಎದ್ದು, ಎರಡೂ ತೊಡೆ ಹೆಚ್ಚುಕಮ್ಮಿ ಒಂದೇ ಅಳತೆಗೆ ಬಂದರೆ, ಡಾಕ್ಟರ ಹತ್ತಿರ ಇನ್ನೊಮ್ಮೆ ತೋರಿಸಿ, ಮೊದಲು ಗಿಡ್ಡ ಮರದಿಂದ ಶುರು ಮಾಡಬಹುದು. ಅಲ್ಲಿಯವರೆಗೆ ನೆಲದ ಕೆಲಸ ಕೊಡಿ ಅಂತ ತೋಟದವರನ್ನು ಕೇಳಿ. ತೋಟ ಇಟ್ಟುಕೊಂಡವರೂ ಇಲ್ಲಿದ್ದೀರಿ. ನಮ್ಮ ಅಡಿಕೆ ಕೊನೆ ಇಳಿಯುವುದು ಇವರ ಮೊಣಕಾಲಿನ ಮೇಲೆ. ಮೂರು ತಿಂಗಳು ಕೆಳಗಿನ ಕೆಲಸ ಕೊಟ್ಟು ಇವರನ್ನು ಉಳಿಸಿಕೊಳ್ಳಿ ಅಂತ ಕೈಮುಗಿದು ಕೇಳುತ್ತೇನೆ.

ಮೇಜಿನ ಮೇಲೆ ಟೇಪು ಇದೆ. ಬ್ರೇಸ್ ತಂದವರು ಒಬ್ಬೊಬ್ಬರೇ ಬನ್ನಿ, ಹಾಕಿ ನೋಡೋಣ. ಅಣ್ಣ, ನೀವೇ ಮೊದಲು ಬನ್ನಿ. ಆ ಕುರ್ಚಿಯ ಅಂಚಿಗೆ ಕುಳಿತುಕೊಳ್ಳಿ. ಎರಡೂ ತೊಡೆ ಅಳೆಯುತ್ತೇನೆ.